ಮಳೆಗಾಲ, ಲೋಕಲ್ ಟ್ರೈನು, ರೋಗನಿರೋಧಕ ಶಕ್ತಿ: ನಿಜವಾಗಿ ಮಾಡಬೇಕಾದ್ದೇನು?

ಡೊಂಬಿವಲಿ ಫಾಸ್ಟ್

ಮೇ ಬಂತೆಂದರೆ ಸೊಸೈಟಿ ಗ್ರೂಪು, ಊರಿನವರ ಗ್ರೂಪು ಎರಡರಲ್ಲೂ ಒಂದೇ ಹಾಡು. ಅಮೃತಬಳ್ಳಿ ಜ್ಯೂಸು, ಜಿಂಕ್ ಮಾತ್ರೆ, ಅರಿಶಿನದ ಕ್ಯಾಪ್ಸೂಲು, ಕೊನೆಗೆ 'ಇಮ್ಯುನಿಟಿ' ಅಂತ ಬರೆದ ಬಿಸ್ಕತ್ತು ಕೂಡ. ಇವುಗಳಲ್ಲಿ ಹುರುಳಿರುವುದು ಯಾವುದು, ಬರೀ ದುಡ್ಡಿಗೆ ದಂಡ ಯಾವುದು? ಬೆಳಗ್ಗೆ ಆರೂ ಮುಕ್ಕಾಲಿನ ಗಾಡಿ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವವರ ಕೈಲಾಗುವಂಥದ್ದನ್ನು ಅಳತೆ, ಸಮಯ ಸಮೇತ ಬರೆಯಿರಿ. 'ಸಮತೋಲಿತ ಆಹಾರ ಸೇವಿಸಿ' ಅಂತ ಒಂದು ಸಾಲು ಹಾಕುವವರು ದಯವಿಟ್ಟು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡಿ.

ಪರೇಲ್ ಲ್ಯಾಬ್

ಮೊದಲು ಆ 'ಬೂಸ್ಟ್' ಅನ್ನುವ ಮಾತನ್ನು ಬಿಡೋಣ. ರೋಗನಿರೋಧಕ ವ್ಯವಸ್ಥೆಯನ್ನು ಜೋರು ಮಾಡಿದಷ್ಟೂ ಒಳ್ಳೆಯದು ಅನ್ನುವುದೇ ತಪ್ಪು ಲೆಕ್ಕ. ಅಲರ್ಜಿ, ಅಸ್ತಮಾ, ಸಂಧಿವಾತ ಇವೆಲ್ಲ ಆ ವ್ಯವಸ್ಥೆ ಗುರಿ ತಪ್ಪಿದಾಗ ಬರುವ ಕಾಯಿಲೆಗಳು. ಹತ್ತಿರದ ಉದಾಹರಣೆಯೇ ಇದೆ: 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ, ನಾಂದೇಡ್ ಗಾಂವ್, ಕಿರ್ಕಟ್‌ವಾಡಿ ಕಡೆ ಗಿಯಾನ್-ಬಾರೆ ಸಿಂಡ್ರೋಮ್ ಎಂಬ ನರರೋಗ ಕಾಣಿಸಿಕೊಂಡಿತು. ಹಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಸಿಕ್ಕಿತು. ಆ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಕೆಲವು ಅಣುಗಳು ನಮ್ಮ ನರಗಳ ಮೇಲಿನ ಅಣುಗಳನ್ನೇ ಹೋಲುತ್ತವೆ. ಹಾಗಾಗಿ ಅದರ ವಿರುದ್ಧ ಹುಟ್ಟಿದ ಪ್ರತಿಕಾಯ (ಆಂಟಿಬಾಡಿ) ಕೆಲವರಲ್ಲಿ ನರವನ್ನೇ ಹೊಡೆಯುತ್ತದೆ, ಕೈಕಾಲು ಸೋಲುತ್ತವೆ. ಅಲ್ಲಿ ಉಪಯೋಗಕ್ಕೆ ಬರುತ್ತಿದ್ದದ್ದು ಕುದಿಸಿದ ನೀರು, ಯಾವ ಟಾನಿಕ್ಕೂ ಅಲ್ಲ.

ನಮ್ಮ ಕೈಯಲ್ಲಿರುವುದು ಎರಡೇ. ಆ ವ್ಯವಸ್ಥೆಯನ್ನು ಕುಗ್ಗಿಸುವ ಸಂಗತಿಗಳನ್ನು ತೆಗೆಯುವುದು, ಅದಕ್ಕೆ ಮೊದಲೇ ಪಾಠ ಹೇಳಿಕೊಡುವುದು, ಅಂದರೆ ಲಸಿಕೆ. ನನ್ನ ಕ್ರಮ ಹೀಗೆ: ಲಸಿಕೆ, ನಿದ್ದೆ, ಸಕ್ಕರೆ ಹತೋಟಿ, ಒಡೆಯದ ಚರ್ಮ, ಕೊನೆಗೆ ಊಟ.

ಸಕ್ಕರೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ರಕ್ತದಲ್ಲಿ ಗ್ಲೂಕೋಸ್ ಬಹುಕಾಲ ಏರಿದ್ದರೆ ಸೋಂಕನ್ನು ಮೊದಲು ಎದುರಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಮೂವತ್ತೈದು ದಾಟಿದವರು, ಹೊಟ್ಟೆ ಬಂದವರು, ಅಪ್ಪ ಅಮ್ಮನಿಗೆ ಮಧುಮೇಹ ಇರುವವರು ಮಳೆಗೆ ಮುಂಚೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ) ಒಮ್ಮೆ ನೋಡಿಸಿ. 5.7ರಿಂದ 6.4 ಇದ್ದರೆ ಅಂಚಿನಲ್ಲಿದ್ದೀರಿ, 6.5 ಮುಟ್ಟಿದರೆ ವೈದ್ಯರ ಬಳಿ ಹೋಗಿ. 'ಪದೇ ಪದೇ ಕುರು ಏಳುತ್ತದೆ, ಗಾಯ ಒಣಗುವುದಿಲ್ಲ, ಇಮ್ಯುನಿಟಿ ಕಡಿಮೆ' ಅನ್ನುವವರು ಸಿರಪ್ಪಿಗೆ ಮುಂಚೆ ಮಾಡಿಸಬೇಕಾದ ಪರೀಕ್ಷೆ ಇದು.

ಕೋಥ್ರೂಡ್ ಅಕ್ಕ

ಊಟಾ ಕಡೀಗೆ ಇಟ್ರಿ ನೀವು, ಸರ್. ನಾ ಒಪ್ಪೂದಿಲ್ಲ. ಪ್ರತಿಕಾಯ ಅಂದ್ರನ ಪ್ರೋಟೀನು. ತಾಟಿನಾಗ ಪ್ರೋಟೀನ್ ಇಲ್ದ ಅದು ಎಲ್ಲಿಂದ ಬರಬೇಕ್ರಿ?

ಲೆಕ್ಕ ನೋಡ್ರಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳೂದು ದೊಡ್ಡವರಿಗೆ ದಿನಕ್ಕ ಮೈತೂಕದ ಕಿಲೋಕ್ಕ 0.83 ಗ್ರಾಂ. 60 ಕಿಲೋ ಇದ್ದವರಿಗೆ 50 ಗ್ರಾಂ. ಮುಂಜಾನೆ ಪೋಹೆ-ಚಾ, ಮಧ್ಯಾಹ್ನ ವಡಾಪಾವ್, ರಾತ್ರಿ ತಿಳಿ ಸಾರು-ಅನ್ನ ಅಂದ್ರ ಅದರ ಅರ್ಧಾನೂ ಮುಟ್ಟೂದು ಕಷ್ಟ. ಶಾಕಾಹಾರದಾಗ 50 ಗ್ರಾಂ ಹಿಂಗ ಆಗ್ತದ: ಎರಡು ಜ್ವಾಳದ ರೊಟ್ಟಿ (ಹಿಟ್ಟು 100 ಗ್ರಾಂ) 10, ಅನ್ನ (ಅಕ್ಕಿ 75 ಗ್ರಾಂ) 5, ತೊಗರಿಬ್ಯಾಳಿ 30 ಗ್ರಾಂ ಹಾಕಿದ ಗಟ್ಟಿ ಬ್ಯಾಳಿ 6, ಮಡಕಿಕಾಳು 40 ಗ್ರಾಂ ಪಲ್ಯ 9, ಮೊಸರು 200 ಗ್ರಾಂ 6, ಹಾಲು ಒಂದು ಲೋಟ 6, ಶೇಂಗಾ 30 ಗ್ರಾಂ 7. ಕೂಡಿಸಿದ್ರ ಒಂದು ಗ್ರಾಂ ಕಡಿಮಿ ಐವತ್ತು. ಬ್ಯಾಳಿ, ಕಾಳು ಹಸೀ ತೂಕ ಹೇಳೇನಿ, ಬೇಯಿಸಿದ ಮ್ಯಾಲಿಂದಲ್ಲ. ಇಲ್ಲೇ ಭಾಳ ಮಂದಿ ಎಡವತಾರ, ಒಂದು ವಾಟಗಾ ಸಾರು ಅಂದ್ರ 'ಬ್ಯಾಳಿ ತಿಂದೆ' ಅಂತ ಬರಕೋತಾರ.

ಶ್ರಾವಣದಾಗ ತತ್ತಿ-ಮಾಂಸ ಬಿಡೂ ಮನಿಗಳೊಳಗ ಈ ಲೆಕ್ಕ ಇನ್ನೂ ಕೆಳಗ ಇಳೀತದ. ಉಪವಾಸ ಅಂತ ಇಡೀ ದಿವಸ ಸಾಬುದಾಣಿ ತಿಂದ್ರ ಬರೇ ಪಿಷ್ಟ. ಅದರ ಬದಲಿ ವರಿ ಅಕ್ಕಿ ಅನ್ನದ ಜೋಡಿ ಶೇಂಗಾ ಆಮಟಿ ಮಾಡ್ರಿ. ಸಾಬುದಾಣಿನ ಬೇಕಂದ್ರ ಒಬ್ಬರ ಪಾಲಿಗೆ ಶೇಂಗಾ ಕೂಟು (ಪುಡಿ) ಎರಡು ದೊಡ್ಡ ಚಮಚೆ, ಮ್ಯಾಲೆ ಒಂದು ವಾಟಗಾ ಮೊಸರು.

ವಿಟಮಿನ್ ಸಿ ಮಾತ್ರಿ ಬಗ್ಗೆ: ದಿನಕ್ಕ ಬೇಕಾಗೂದು ಗಂಡಸರಿಗೆ 80 ಮಿಲಿಗ್ರಾಂ, ಹೆಣ್ಣುಮಕ್ಕಳಿಗೆ 65. ಒಂದು ಮಧ್ಯಮ ಪ್ಯಾರಲಹಣ್ಣಿನಾಗ (ಸೀಬೆ) ಅದಕ್ಕಿಂತ ಹೆಚ್ಚ ಅದ. ದಿನಾ ಮಾತ್ರಿ ತಗೊಂಡ್ರ ಸಾಮಾನ್ಯ ಮಂದಿಗೆ ನೆಗಡಿ ಬರೂದು ಕಡಿಮಿ ಆಗೂದಿಲ್ಲ. ಬಂದ ನೆಗಡಿ ಸ್ವಲ್ಪ ಲಗೂ ಹೋಗಬಹುದು, ದೊಡ್ಡವರೊಳಗ ಸುಮಾರು 8 ಶೇಕಡಾ. ಅಂದ್ರ ಏಳು ದಿನದ ನೆಗಡಿಯೊಳಗ ಅರ್ಧ ದಿವಸದ ಲಾಭ. ನೆಗಡಿ ಹತ್ತಿದ ಮ್ಯಾಲೆ ನುಂಗಿದ್ರ ಅದೂ ಖಾತ್ರಿ ಇಲ್ಲ. ಲಿಂಬಿಹಣ್ಣು ಕುದಿಯೂ ಸಾರಿಗೆ ಹಿಂಡಬ್ಯಾಡ್ರಿ, ಒಲಿ ಆರಿಸಿ ಹಿಂಡ್ರಿ.

ಮಾಟುಂಗಾ ಕಿಚನ್

ಅಕ್ಕ ಹೇಳಿದ ಮಡಕೆಕಾಳಿಗೆ ಒಂದು ಸೇರಿಸ್ತೇನೆ. ಮೊಳಕೆ ಬರಿಸುವ ಬಿಸಿ-ತೇವ ಉಂಟಲ್ಲ, ಅದೇ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೂ ಬೇಕಾದ್ದು. ಮಳೆಗಾಲದಲ್ಲಿ ಹಸಿ ಮೊಳಕೆಯ ಕೋಸಂಬರಿ ಬೇಡವೇ ಬೇಡ ಮಾರಾಯ್ರೆ. ಎಂಟು ಗಂಟೆ ನೆನೆಸಿ, ನೀರು ಬಸಿದು, ಹನ್ನೆರಡು ಗಂಟೆ ಬಟ್ಟೆಯಲ್ಲಿ ಕಟ್ಟಿ, ಮಧ್ಯೆ ಎರಡು ಸಲ ಒಳ್ಳೆ ನೀರಲ್ಲಿ ತೊಳೆದು, ಕಾಳು ಪೂರ್ತಿ ಬೇಯುವ ತನಕ ಹಬೆಯಲ್ಲಿಡಿ. ನೆನೆಸಿ ಮೊಳಕೆ ಬರಿಸಿದರೆ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗಿ ಕಾಳಿನ ಜಿಂಕ್, ಕಬ್ಬಿಣ ಮೈಗೆ ಹತ್ತುವುದು ಹೆಚ್ಚು. ಹುಳಿ ಬರಿಸಿದ ಇಡ್ಲಿ-ದೋಸೆ ಹಿಟ್ಟಿಗೂ ಅದೇ ಗುಣ.

ಡಬ್ಬಿಯಲ್ಲಿ ಕೆಡುವುದರಲ್ಲಿ ಮೊದಲು ತೆಂಗಿನಕಾಯಿ ಚಟ್ನಿ, ಆಮೇಲೆ ಅನ್ನ. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಆಹಾರ ಎರಡು ಗಂಟೆಗಿಂತ ಹೆಚ್ಚು ಕೂತರೆ ಅಪಾಯ. ಬೆಳಗ್ಗೆ ಆರಕ್ಕೆ ಕಟ್ಟಿದ ಡಬ್ಬಿ ಮಧ್ಯಾಹ್ನ ಒಂದಕ್ಕೆ ಬಿಚ್ಚುವವರಿಗೆ ಹಸಿ ಚಟ್ನಿ ಹೇಳಿದ್ದಲ್ಲ. ಚಟ್ನಿಪುಡಿ, ಚಪಾತಿ, ನೀರಿನಂಶ ಕಡಿಮೆ ಇರುವ ಪಲ್ಯ ತಗೊಂಡು ಹೋಗಿ. ರಾತ್ರಿ ಉಳಿದ ಅನ್ನ ಪಾತ್ರೆಯಲ್ಲೇ ಒಲೆಯ ಹತ್ತಿರ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ವಿಷ ಬಿಡುತ್ತದೆ, ಬೆಳಗ್ಗೆ ಚಿತ್ರಾನ್ನ ಮಾಡಿದರೂ ಆ ವಿಷ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಹಾಕಿ.

ವಾಸ್ಕೋ ಜೆಟ್ಟಿ

ಇಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬಂಗುಡೆ, ತಾರ್ಲೆ ನೆಚ್ಚಿಕೊಂಡ ಮನೆಗಳಲ್ಲಿ ಒಣಮೀನೇ ಗತಿ. ಪ್ರೋಟೀನ್ ಸರಿ, ಉಪ್ಪು?

ಕೋಥ್ರೂಡ್ ಅಕ್ಕ

ಉಪ್ಪು ಭಾಳ ಅಣ್ಣಾರ. ಬಿ.ಪಿ. ಇದ್ದವರು ಒಣಮೀನು ಬಿಸಿನೀರಾಗ ನೆನಿಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ಹಂಗ ಮಾಡಿ ಆಮ್ಯಾಲೆ ಸಾರಿಗೆ ಹಾಕ್ರಿ, ಸಾರಿಗೆ ಬ್ಯಾರೆ ಉಪ್ಪು ಬ್ಯಾಡ. ಆ ಎರಡು ತಿಂಗಳು ದಿನಾ ಎರಡು ತತ್ತಿ (12 ಗ್ರಾಂ) ಇಲ್ಲಾ ಸೋಯಾ ಚಂಕ್ಸ್ 25 ಗ್ರಾಂ (13 ಗ್ರಾಂ) ಹಿಡೀರಿ. ಗೋವಾದಾಗ ಕಟ್ಟಡದ ಕೆಲಸಕ್ಕ ಬಂದ ನಮ್ಮ ಹಾವೇರಿ, ಬಾಗಲಕೋಟಿ ಮಂದಿಗೆ ಸೋಯಾನ ಅಗ್ಗ ಬೀಳ್ತದ.

ಮಡಗಾಂವ್ ಮೆಡಿಕಲ್

ಕೌಂಟರಿನ ಈಚೆ ನಿಂತವರ ಕಡೆಯಿಂದ, ಮಾರಾಟಕ್ಕೆ ವಿರುದ್ಧವಾಗಿಯೇ ಬರೆಯುತ್ತಿದ್ದೇನೆ.

ವಿಟಮಿನ್ ಡಿ: 60,000 ಐಯು ಸ್ಯಾಶೆ ವಾರಕ್ಕೆ ಒಂದು, ಸಾಮಾನ್ಯವಾಗಿ ಎಂಟು ವಾರ, ಅದೂ ರಕ್ತ ಪರೀಕ್ಷೆಯಲ್ಲಿ 20ಕ್ಕಿಂತ (ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ) ಕಡಿಮೆ ಬಂದು ವೈದ್ಯರು ಬರೆದಾಗ. ಚೀಟಿಯ ಅಕ್ಷರ ಅರ್ಥವಾಗದೆ ದಿನಕ್ಕೊಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ ಶುರುವಾಗಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಸ್ಯಾಶೆಯನ್ನು ಜಿಡ್ಡಿರುವ ಊಟದ ಜೊತೆ ತಗೊಳ್ಳಿ, ಖಾಲಿ ಹೊಟ್ಟೆಗೆ ಮೈ ಹಿಡಿಯುವುದು ಕಡಿಮೆ. ಕೋರ್ಸ್ ಮುಗಿದ ಮೇಲೆ ತಾವಾಗಿಯೇ ಮುಂದುವರಿಸಬೇಡಿ. ಬಿಸಿಲು ಉಚಿತ: ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ ತೋಳು, ಕಾಲು ತೆರೆದು ಹದಿನೈದು-ಇಪ್ಪತ್ತು ನಿಮಿಷ. ಬೆಳಗ್ಗೆ ಏಳರ ಎಳೆ ಬಿಸಿಲಿನಲ್ಲಿ ಬೇಕಾದ ಕಿರಣ ಬಹಳ ಕಡಿಮೆ, ಕಿಟಕಿ ಗಾಜಿನ ಹಿಂದೆ ಕೂತರೆ ಅದೂ ಇಲ್ಲ.

ಜಿಂಕ್: ಕರೋನಾ ಕಾಲದಲ್ಲಿ ಶುರುವಾದ 50 ಮಿಲಿಗ್ರಾಂ ಮಾತ್ರೆ ಇನ್ನೂ ನುಂಗುತ್ತಿರುವವರಿದ್ದಾರೆ. ದಿನಕ್ಕೆ 40 ಮಿಲಿಗ್ರಾಂ ಮೇಲೆ ತಿಂಗಳುಗಟ್ಟಲೆ ಹೋದರೆ ತಾಮ್ರದ ಕೊರತೆಯಾಗಿ ಬಿಳಿ ರಕ್ತಕಣಗಳೇ ಕಡಿಮೆಯಾಗಬಹುದು. ಯಾವುದಕ್ಕೆ ನುಂಗಿದಿರೋ ಅದರ ಉಲ್ಟಾ.

ನೆಗಡಿಗೆ ಅಜಿತ್ರೋಮೈಸಿನ್ ಕೇಳಬೇಡಿ. ಅದು ವೈರಸ್. ಹೆಚ್ಚಿನವರಿಗೆ ಏಳರಿಂದ ಹತ್ತು ದಿನದಲ್ಲಿ ತಾನೇ ಹೋಗುತ್ತದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತದ್ದು ಮಾತ್ರ ಅಷ್ಟು ಬೇಗ ಸರಿಹೋಗುವುದಿಲ್ಲ.

ಥಾಣೆ ವೈದ್ಯ

ಅಮೃತಬಳ್ಳಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ನಾನೇ ಹೇಳುತ್ತೇನೆ. ಆಯುರ್ವೇದದವನೆಂದು ಬರೀ ಹೊಗಳುವುದಿಲ್ಲ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಲಿವರ್ ತೊಂದರೆ ಕಂಡದ್ದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಬಳಸಿದ್ದು ಅದೇ ಬಳ್ಳಿಯೇ ಎಂದು ಖಾತ್ರಿ ಮಾಡಿಕೊಂಡಿಲ್ಲ, ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಇರಬಹುದು ಎಂದಿತು. ಜಗಳದಲ್ಲಿ ಯಾರು ಸರಿ ಎನ್ನುವುದಕ್ಕಿಂತ ಬಳಸುವವರಿಗೆ ಬೇಕಾದ್ದು ಇಷ್ಟು. ಕಾಂಡದ ತುಂಬ ಎದ್ದು ಕಾಣುವ ಗುಳ್ಳೆಗಳಿದ್ದರೆ ಅದು ನಮ್ಮ ಬಳ್ಳಿಯಲ್ಲ. ಪಾರ್ಕಿನಿಂದ, ಕಂಪೌಂಡಿನಿಂದ ಕಿತ್ತು ತರಬೇಡಿ. ಥೈರಾಯ್ಡ್, ಸಂಧಿವಾತದಂತಹ ಸ್ವಯಂನಿರೋಧಕ (ರೋಗನಿರೋಧಕ ವ್ಯವಸ್ಥೆ ತನ್ನ ಮೈಯನ್ನೇ ಹೊಡೆಯುವ) ಕಾಯಿಲೆ ಇರುವವರು, ಲಿವರ್ ತೊಂದರೆ ಇರುವವರು ಮುಟ್ಟಬೇಡಿ. ಉಳಿದವರಿಗೂ ಅದು ವೈದ್ಯರು ಇಂತಿಷ್ಟು ದಿನ ಎಂದು ಹೇಳಿ ಕೊಡುವ ಔಷಧ, ದಿನಾ ಬೆಳಗ್ಗೆ ಚಹಾದ ಬದಲು ಕುಡಿಯುವ ಪಾನೀಯ ಅಲ್ಲ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಊಟ ಬೇಡ ಅನ್ನಿಸಿದರೆ ಆ ದಿನವೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ.

ಕಷಾಯದ ಜ್ಯೇಷ್ಠಮಧುವೂ ಹಾಗೆಯೇ. ವಾರಗಟ್ಟಲೆ ಕುಡಿದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಶುಂಠಿ, ಜೀರಿಗೆ, ಕೊತ್ತಂಬರಿ ಬೀಜದ ಕಷಾಯಕ್ಕೆ ಈ ತಕರಾರಿಲ್ಲ. ಅದು ಗಂಟಲಿಗೆ ಹಿತ ಕೊಡುತ್ತದೆ, ರೋಗ ತಡೆಯುತ್ತದೆ ಎಂದು ನಾನು ಹೇಳಲಾರೆ.

ಡೊಂಬಿವಲಿ ಫಾಸ್ಟ್

ವೈದ್ಯರೇ, ಹಾಗಾದರೆ ಅರಿಶಿನ?

ಥಾಣೆ ವೈದ್ಯ

ಅಡುಗೆಗೆ ಹಾಕುವಷ್ಟು ಹಾಕಿ. ಕರಿಮೆಣಸಿನ ಪೈಪರಿನ್ ಸೇರಿಸಿದ ಗಾಢ ಕ್ಯಾಪ್ಸೂಲ್ ಬೇಡ, ಅದರಿಂದಲೂ ಲಿವರ್ ಕೆಟ್ಟ ವರದಿಗಳಿವೆ.

ವಾಶಿ ವಾರ್ಡ್

ನಿದ್ದೆಗೆ ಯಾರೂ ಅಂಗಡಿ ಇಟ್ಟಿಲ್ಲ, ಹಾಗಾಗಿ ಅದರ ಫಾರ್ವರ್ಡೂ ಬರುವುದಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ 164 ಜನರ ನಿದ್ದೆಯನ್ನು ಒಂದು ವಾರ ಅಳೆದು, ಆಮೇಲೆ ಅವರ ಮೂಗಿಗೆ ನೆಗಡಿ ವೈರಸ್ ಹನಿ ಬಿಟ್ಟರು. ಏಳು ಗಂಟೆಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ನೆಗಡಿ ಹತ್ತುವ ಸಾಧ್ಯತೆ ನಾಲ್ಕು ಪಟ್ಟಿಗಿಂತ ಹೆಚ್ಚಿತ್ತು.

ಆರೂ ಮುಕ್ಕಾಲಿನ ಗಾಡಿಗೆ ಐದೂವರೆಗೆ ಏಳಬೇಕು ಅಂದರೆ ಹತ್ತೂವರೆಗೆ ದೀಪ ಆರಬೇಕು. ಒಂಬತ್ತಕ್ಕೆ ಮನೆ ಸೇರಿ ಹತ್ತಕ್ಕೆ ಊಟ ಮಾಡುವವರಿಗೆ ಇದು ಕಷ್ಟ ಎಂದು ಗೊತ್ತು. ಅದಕ್ಕೆ ಉಪಾಯ ಊಟದ ಕಡೆಯಿಂದ: ಸಂಜೆ ಆರಕ್ಕೆ ಆಫೀಸಿನಲ್ಲೇ ಗಟ್ಟಿಯಾಗಿ ಏನಾದರೂ ತಿನ್ನಿ (ಬೇಯಿಸಿದ ಕಾಳು, ಮೊಟ್ಟೆ, ಶೇಂಗಾ-ಬೆಲ್ಲ), ರಾತ್ರಿ ಹಗುರವಾಗಿ ಮೊಸರನ್ನವೋ ಗಂಜಿಯೋ ಸಾಕು. ಮಧ್ಯಾಹ್ನ ಎರಡರ ಮೇಲೆ ಫಿಲ್ಟರ್ ಕಾಫಿ ಬೇಡ. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಆರಕ್ಕೆ ಕುಡಿದ ಕಾಫಿಯ ಅರ್ಧ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಗಾಡಿಯಲ್ಲಿ ತೂಕಡಿಸಿದ್ದು ಆಯಾಸ ಕಳೆಯಬಹುದು, ರಾತ್ರಿಯ ಲೆಕ್ಕಕ್ಕೆ ಸೇರಿಸಬೇಡಿ.

ನೈಟ್ ಶಿಫ್ಟಿನವರು ಹಗಲು ನಿದ್ದೆಯನ್ನು ಎರಡು ತುಂಡು ಮಾಡಬೇಕಾದರೆ ಒಂದು ತುಂಡನ್ನಾದರೂ ರಜೆಯ ದಿನವೂ ಅದೇ ಹೊತ್ತಿಗೆ ಇಡಿ. ಉದಾಹರಣೆಗೆ ಬೆಳಗ್ಗೆ 8ರಿಂದ 12. ಮನೆಗೆ ಬರುವಾಗ ಕಪ್ಪು ಕನ್ನಡಕ, ಕಿಟಕಿಗೆ ದಪ್ಪ ಪರದೆ.

ಬೋರಿವಲಿ ಸೆಕ್ರೆಟರಿ

ಸೊಸೈಟಿ ಮಟ್ಟದ ಎರಡು ಕೆಲಸ.

ಟ್ಯಾಂಕು: ಮೇ ಕೊನೆಯೊಳಗೆ ತೊಳೆಸಿ, ಆರು ತಿಂಗಳಿಗೊಮ್ಮೆ ಮತ್ತೆ. ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವುದಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ. ಪುಡಿಯನ್ನು ನೇರ ಸುರಿಯುವುದು ತಪ್ಪು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮುದ್ದೆ ಮಾಡಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ ಕಲಕಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ತಳದ ಸುಣ್ಣ ಚೆಲ್ಲಿ. ಒಂದು ಗಂಟೆ ಕಳೆದ ಮೇಲೆ ನೀರು ಬಿಡಿ. ನಲ್ಲಿ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಕ್ಲೋರಿನ್ ಪರೀಕ್ಷೆಯ ಕಿಟ್ಟಿನಲ್ಲಿ ಬಣ್ಣ ನೋಡಿ ತಿಳಿಯಬಹುದು. ತೆರೆದಿಟ್ಟ ಚೀಲದ ಪುಡಿ ಮಳೆಗಾಲದ ಹಸಿಗೆ ಸತ್ವ ಕಳೆದುಕೊಂಡಿರುತ್ತದೆ, 'ಹಾಕಿದ್ದೇವಲ್ಲ' ಅಂದರೂ ಕಿಟ್ ಬಣ್ಣ ಬಾರದಿರುವುದು ಹೆಚ್ಚಾಗಿ ಅದಕ್ಕೇ. ಕುಡಿಯುವ ನೀರು ಮನೆಯಲ್ಲಿ ಕುದಿಸುವುದು ಹೇಗೂ ಬೇಕು: ಗುಳ್ಳೆ ಉಕ್ಕಿ ಬಂದ ಮೇಲೆ ಒಂದು ನಿಮಿಷ. ಪಟಕ (ಆಲಂ) ಆಡಿಸಿದರೆ ಕೆಸರು ಕೂರುತ್ತದೆ, ಕ್ರಿಮಿ ಸಾಯುವುದಿಲ್ಲ.

ಸೊಳ್ಳೆ: ಡೆಂಗ್ಯೂ ತರುವ ಈಡಿಸ್ ಹಗಲು ಕಚ್ಚುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಅದಕ್ಕೇ ವಾರಕ್ಕೊಂದು ಒಣ ದಿನ, ಅಂದರೆ ನಿಂತ ನೀರೆಲ್ಲ ಚೆಲ್ಲುವ ದಿನ. ಎಲ್ಲರೂ ಕುಂಡದ ತಟ್ಟೆ ನೋಡುತ್ತಾರೆ, ಫ್ರಿಜ್ಜಿನ ಹಿಂದಿನ ಟ್ರೇ, ಮನಿಪ್ಲಾಂಟ್ ಬಾಟಲಿ, ಕಿಟಕಿ ಸಜ್ಜಾದ ಮೇಲಿನ ಟಾರ್ಪಾಲಿನ ಮಡಿಕೆ ಮರೆಯುತ್ತಾರೆ. ಬರೀ ನೀರು ಚೆಲ್ಲಿದರೆ ಸಾಲದು, ಒಳಗೋಡೆ ಉಜ್ಜಬೇಕು. ಮೊಟ್ಟೆ ಅಲ್ಲೇ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ನೀರು ಬಿದ್ದ ಕೂಡಲೇ ಒಡೆಯುತ್ತದೆ.

ವಾಸ್ಕೋ ಜೆಟ್ಟಿ

ಪರೇಲ್ ಸರ್ 'ಒಡೆಯದ ಚರ್ಮ' ಅಂದಿರಲ್ಲ, ಅದನ್ನು ಬಿಡಿಸಿ ಹೇಳಿ. ಇಲ್ಲಿ ಬೂಟಿನೊಳಗೇ ಎಂಟು ಗಂಟೆ ನೀರು.

ಪರೇಲ್ ಲ್ಯಾಬ್

ಚರ್ಮವೇ ಮೊದಲ ಗೋಡೆ. ಅದು ಬಿರುಕು ಬಿಟ್ಟಿದ್ದರೆ ಒಳಗಿನ ಪಹರೆ ಎಷ್ಟಿದ್ದರೂ ಕಳ್ಳನಿಗೆ ಬಾಗಿಲು ತೆರೆದಂತೆಯೇ. ಬೆರಳ ಸಂದಿಯ ಕೆಸರುಹುಣ್ಣು, ಹಿಮ್ಮಡಿ ಒಡಕು, ಚಪ್ಪಲಿ ಕಡಿದ ಗಾಯ, ಇವುಗಳ ಮೂಲಕವೇ ಇಲಿಮೂತ್ರ ಬೆರೆತ ನೀರಿನ ಲೆಪ್ಟೋಸ್ಪೈರಾ (ಇಲಿಜ್ವರದ ಬ್ಯಾಕ್ಟೀರಿಯಾ) ಒಳಗೆ ಬರುವುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ನಂತರದ ವಾರಗಳಲ್ಲಿ ಮುಂಬೈ ಕಂಡದ್ದು ಇದನ್ನೇ.

ದಿನಚರಿ ಹೀಗಿರಲಿ. ಒಂದು ಜೊತೆ ಒಣ ಹತ್ತಿ ಕಾಲುಚೀಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬ್ಯಾಗಿನಲ್ಲಿಡಿ, ಕೆಲಸದ ಜಾಗ ತಲುಪಿದ ಮೇಲೆ ಕಾಲು ಸೋಪಿನಲ್ಲಿ ತೊಳೆದು ಬೆರಳ ಸಂದಿ ಒರೆಸಿ ಬದಲಿಸಿ. ಬೂಟು ಎರಡು ಜೊತೆ ಇದ್ದರೆ ದಿನ ಬಿಟ್ಟು ದಿನ, ಒಳಗೆ ಹಳೇ ಪೇಪರ್ ತುರುಕಿ ಒಣಗಿಸಿ. ಕೆಸರುಹುಣ್ಣಿಗೆ, ಹುಳುಕಡ್ಡಿಗೆ ಕ್ಲೋಟ್ರಿಮಝೋಲ್ ಮಾತ್ರ ಇರುವ ಕ್ರೀಮು ದಿನಕ್ಕೆರಡು ಸಲ ಎರಡರಿಂದ ನಾಲ್ಕು ವಾರ, ಕಲೆ ಹೋದ ಮೇಲೂ ಒಂದೆರಡು ವಾರ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಸಾಲ್ ಅಂತ ಇದ್ದರೆ ವಾಪಸ್ ಕೊಡಿ. ಅದು ಸ್ಟಿರಾಯ್ಡು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಅಲ್ಲಿನ ಪ್ರತಿರೋಧವೂ ಕುಗ್ಗುತ್ತದೆ, ಫಂಗಸ್ಸು ಒಳಗೊಳಗೇ ಹರಡುತ್ತದೆ. ಒದ್ದೆ ಬಟ್ಟೆಯ ಕಾಲದಲ್ಲಿ ವಾಸಿಯಾಗದ ಹುಳುಕಡ್ಡಿಗೆ ಇದೊಂದು ದೊಡ್ಡ ಕಾರಣ.

ಮಡಗಾಂವ್ ಮೆಡಿಕಲ್

ನೆರೆ ನೀರಿನಲ್ಲಿ ನಡೆದವರು 24ರಿಂದ 72 ಗಂಟೆಯೊಳಗೆ ವೈದ್ಯರನ್ನು ಕಾಣಿ. ಮುಂಬೈ ಪಾಲಿಕೆ ಪ್ರತಿ ಮಳೆಗಾಲ ಕೊಡುವ ಸೂಚನೆಯೂ ಇದೇ. ಗಾಯ ಇತ್ತೇ, ಎಷ್ಟು ಸಲ ನಡೆದಿರಿ ಎಂಬುದರ ಮೇಲೆ ಇಲಿಜ್ವರ ತಡೆಯುವ ಡಾಕ್ಸಿಸೈಕ್ಲಿನ್ ಎಷ್ಟು, ಎಷ್ಟು ದಿನ ಎಂದು ಅವರು ಬರೆಯುತ್ತಾರೆ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಬೇರೆ ಔಷಧ. ಆ ಮಾತ್ರೆಯನ್ನು ಊಟದ ಮೇಲೆ ತುಂಬು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬೇಡಿ, ಇಲ್ಲದಿದ್ದರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ. ಹಾಲು, ಆಂಟಾಸಿಡ್, ಕಬ್ಬಿಣದ ಮಾತ್ರೆ ಅದರ ಜೊತೆ ಬೇಡ. ಜ್ವರದ ಜೊತೆ ಮೀನಖಂಡದ ನೋವು, ಕೆಂಪು ಕಣ್ಣು ಕಂಡರೆ ಕಾಯಬೇಡಿ. ಮಳೆಗಾಲದ ಯಾವ ಜ್ವರಕ್ಕೂ ಪರೀಕ್ಷೆ ಆಗುವ ತನಕ ಪ್ಯಾರಾಸಿಟಮಾಲ್ ಒಂದೇ. ಐಬುಪ್ರೊಫೆನ್, ಆಸ್ಪಿರಿನ್ ಡೆಂಗ್ಯೂ ಇದ್ದರೆ ರಕ್ತಸ್ರಾವ ಹೆಚ್ಚಿಸುತ್ತವೆ. ಹೃದಯಕ್ಕೆಂದು ವೈದ್ಯರು ಬರೆದ ಆಸ್ಪಿರಿನ್ ಇದ್ದರೆ ಮಾತ್ರ ಅವರನ್ನೇ ಕೇಳಿ, ತಾವಾಗಿ ಬಿಡಬೇಡಿ.

ಕೋಥ್ರೂಡ್ ಅಕ್ಕ

ಪರೇಲ್ ಸರ್, ಲಸಿಕಿ ಮೊದಲು ಅಂದ್ರಿ, ಅದರ ವಿವರ ಮಾತ್ರ ಹೇಳಲೇ ಇಲ್ಲ ನೀವು.

ಪರೇಲ್ ಲ್ಯಾಬ್

ಸರಿ ಅಕ್ಕ. ಹಾಫ್ಕಿನ್ ಎಂಬ ವಿಜ್ಞಾನಿ 1897ರಲ್ಲಿ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ ಈ ಮುಂಬೈಯಲ್ಲಿ ಕೂತು ಇದನ್ನು ಮರೆಯಬಾರದಿತ್ತು.

ಫ್ಲೂ: ಪಶ್ಚಿಮ ಕರಾವಳಿಯಲ್ಲಿ, ಪುಣೆಯಲ್ಲಿ ಮಳೆಗಾಲದಲ್ಲೇ ಹೆಚ್ಚು, ಚಳಿಗಾಲದ ಕೊನೆಗೆ ಇನ್ನೊಂದು ಸಣ್ಣ ಅಲೆ. ಲಸಿಕೆಯ ಪ್ರತಿಕಾಯ ಬರಲು ಎರಡು ವಾರ ಬೇಕು. ಆದ್ದರಿಂದ ಏಪ್ರಿಲ್-ಮೇಯಲ್ಲಿ ಹಾಕಿಸಿ, ಪ್ರತಿ ವರ್ಷ, ಏಕೆಂದರೆ ತಳಿ ಬದಲಾಗುತ್ತದೆ. ಆ ಹೊತ್ತಿಗೆ ಡಬ್ಬಿಯ ಮೇಲೆ ಆ ವರ್ಷದ ದಕ್ಷಿಣ ಗೋಳಾರ್ಧದ ತಳಿ ಎಂದಿರುವುದನ್ನು ಕೇಳಿ. ಹಳೇ ದಾಸ್ತಾನು ಹಾಕುವುದು ಉಂಟು. ಅರವತ್ತು ದಾಟಿದವರು, ಮಧುಮೇಹ, ಅಸ್ತಮಾ, ಹೃದಯ, ಕಿಡ್ನಿ ಕಾಯಿಲೆಯವರು, ಗರ್ಭಿಣಿಯರು ಮೊದಲು. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಇದು ಸಾಮಾನ್ಯ ನೆಗಡಿಯನ್ನು ತಡೆಯುವುದಿಲ್ಲ. 'ಹಾಕಿಸಿಕೊಂಡರೂ ಮೂಗು ಸೋರಿತು' ಅನ್ನುವ ದೂರು ಅಲ್ಲಿಂದಲೇ.

ಹಿರಿಯರಿಗೆ ನ್ಯುಮೋಕಾಕಲ್ (ನ್ಯುಮೋನಿಯಾ ತಡೆಯುವ) ಲಸಿಕೆಯನ್ನೂ ವೈದ್ಯರ ಬಳಿ ಕೇಳಿ. ಟಿಡಿ (ಟೆಟನಸ್-ಡಿಫ್ತೀರಿಯಾ) ಬೂಸ್ಟರ್ ಹತ್ತು ವರ್ಷಕ್ಕೊಮ್ಮೆ. 'ಬೂಸ್ಟರ್' ಅನ್ನುವ ಮಾತು ಸರಿಯಾಗಿ ಒಪ್ಪುವ ಜಾಗ ಇದು.

ಡೊಂಬಿವಲಿ ಫಾಸ್ಟ್

ಇನ್ನೊಂದೇ ಪ್ರಶ್ನೆ. ಹೇಗೂ ಮೂಗು ಸೋರುತ್ತಲೇ ಇರುತ್ತದೆ, ಆಗ ಫ್ಲೂ ಲಸಿಕೆ ಹಾಕಿಸಬಹುದೇ?

ವಾಶಿ ವಾರ್ಡ್

ಬರೀ ನೆಗಡಿ, ಸಣ್ಣ ಕೆಮ್ಮು ಇದ್ದರೆ ಹಾಕಿಸಬಹುದು. ಜ್ವರ ಇದ್ದರೆ ಇಳಿಯುವ ತನಕ ಕಾಯಿರಿ. ತೋಳು ಒಂದೆರಡು ದಿನ ನೋಯುತ್ತದೆ, ಬ್ಯಾಗನ್ನು ಯಾವ ಹೆಗಲಿಗೆ ಹಾಕುತ್ತೀರೋ ಅದರ ಎದುರು ತೋಳು ಕೊಡಿ. ಚುಚ್ಚಿದ ಮೇಲೆ ಹದಿನೈದು ನಿಮಿಷ ಅಲ್ಲೇ ಕೂತಿದ್ದು ಹೊರಡಿ.

ಹಾಗೆಯೇ, ವರ್ಷವಿಡೀ ಮೂಗು ಸೋರುವುದು, ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಕಣ್ಣು ತುರಿಕೆ ಇದ್ದರೆ ಅದು ಬಹುಶಃ ಅಲರ್ಜಿ. ಕಪಾಟಿನ ಹಿಂದೆ, ಬಾತ್‌ರೂಮಿಗೆ ತಾಗಿದ ಗೋಡೆಯ ಮೇಲೆ ಬೂಸಲು ಇದೆಯೇ ನೋಡಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆಯಿರಿ, ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಬೇಡಿ, ಹಾಸಿಗೆ ಹೊದಿಕೆ ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಗೋಡೆಯೊಳಗೆ ಪೈಪ್ ಸೋರುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಮೇಲೆ ಬಣ್ಣ ಹೊಡೆದರೆ ಬೂಸಲು ಮತ್ತೆ ಬರುತ್ತದೆ.